ಮಕ್ಕಳ ಟ್ರಯಥ್ಲಾನ್: ಈಜಿನ ಭಾಗಕ್ಕೆ ಮಗುವನ್ನು ಅಣಿಗೊಳಿಸುವುದು ಹೇಗೆ?

ಮಂಡ್ಯದ ಒಬ್ಬ ತಂದೆ

ನನ್ನ ಮಗಳಿಗೆ ಈಗ 11 ವರ್ಷ. ಎರಡು ಬೇಸಿಗೆ ಶಿಬಿರಗಳಲ್ಲಿ ಈಜು ಕಲಿತು, ಒಂದು ವರ್ಷದಿಂದ ವಾರಕ್ಕೆ ಮೂರು ದಿನ ಬೆಳಗಿನ ಬ್ಯಾಚ್‌ಗೆ ಹೋಗುತ್ತಿದ್ದಾಳೆ. 25 ಮೀಟರ್ ಕೊಳದಲ್ಲಿ ಎಂಟು ಲ್ಯಾಪ್, ಅಂದರೆ 200 ಮೀಟರ್, ಫ್ರೀಸ್ಟೈಲ್‌ನಲ್ಲಿ ನಿಲ್ಲದೆ ಮುಗಿಸುತ್ತಾಳೆ. ಟ್ರಯಥ್ಲಾನ್ ಎಂದರೆ ಈಜು, ಸೈಕಲ್ಲು, ಓಟ ಮೂರನ್ನೂ ಒಂದಾದ ಮೇಲೊಂದು ಮುಗಿಸುವ ಸ್ಪರ್ಧೆ. ಅದರಲ್ಲಿ ಸೈಕಲ್ಲು, ಓಟಗಳ ಬಗ್ಗೆ ನನಗೆ ಚಿಂತೆಯಿಲ್ಲ. ರಜೆ ಬಂದರೆ ಅಜ್ಜಿಯ ಊರಿನಲ್ಲಿ ಕಬ್ಬಿನ ಗದ್ದೆಗಳ ನಡುವಿನ ರಸ್ತೆಯಲ್ಲಿ ದಿನವಿಡೀ ಸೈಕಲ್ ತುಳಿಯುವ ಹುಡುಗಿ ಅವಳು. ಆ ಧೈರ್ಯದ ಮೇಲೆಯೇ ಕಳೆದ ತಿಂಗಳು ಬೇರೊಂದು ಊರಿನಲ್ಲಿ ನಡೆದ ಮಕ್ಕಳ ಟ್ರಯಥ್ಲಾನ್‌ಗೆ ಹೆಸರು ಕೊಟ್ಟಿದ್ದೆ. ಈಜಿನ ಭಾಗ 200 ಮೀಟರ್. ಆದರೆ ಕೊಳದಲ್ಲಲ್ಲ, ಕೆರೆಯಲ್ಲಿ. ತೇಲಿಬಿಟ್ಟಿದ್ದ ಎರಡು ಕಿತ್ತಳೆ ಬಣ್ಣದ ಗುರುತುಗಳನ್ನು ಸುತ್ತಿಕೊಂಡು ಬರಬೇಕಿತ್ತು.

ಶಿಳ್ಳೆ ಊದಿದೊಡನೆ ಸುಮಾರು ಮೂವತ್ತು ಮಕ್ಕಳು ಒಟ್ಟಿಗೆ ನೀರಿಗೆ ನುಗ್ಗಿದರು. ಮಗಳು ನಲವತ್ತು ಮೀಟರ್ ಹೋಗಿರಬಹುದು. ಮುಂದಿದ್ದ ಯಾವುದೋ ಮಗುವಿನ ಕಾಲು ತಗುಲಿ ಅವಳ ಗಾಗಲ್ಸ್ ಜಾರಿತು. ಸರಿಪಡಿಸಿಕೊಳ್ಳಲೆಂದು ನಿಲ್ಲಲು ಹೋದಳು. ಕಾಲಿಗೆ ನೆಲ ಸಿಗಲಿಲ್ಲ. ನಾನು ದಡದಲ್ಲಿ ನಿಂತು ನೋಡುತ್ತಿದ್ದೆ: ದೇಹ ನೆಟ್ಟಗೆ ನಿಂತಿದೆ, ಮುಖ ಆಕಾಶದ ಕಡೆಗಿದೆ, ಬಾಯಿ ತೆರೆದಿದೆ, ಎರಡೂ ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿವೆ, ಆದರೆ ಒಂದಿಷ್ಟೂ ಸದ್ದಿಲ್ಲ. ಕಯಾಕ್ ಎಂಬ ಸಣ್ಣ ದೋಣಿಯಲ್ಲಿದ್ದ ಯುವಕನೊಬ್ಬ ಬಂದು ಎಳೆದುಕೊಂಡ. ಅವಳಿಗೆ ಏನೂ ಆಗಲಿಲ್ಲ. ರಾತ್ರಿ ಮಲಗುವ ಮುನ್ನ ಹೇಳಿದ್ದು ಒಂದೇ ಮಾತು: "ಅಪ್ಪ, ಅಲ್ಲಿ ಗೋಡೆಯೇ ಇರಲಿಲ್ಲ."

ಮುಂದಿನ ಸ್ಪರ್ಧೆಗೆ ಮೂರು ತಿಂಗಳಿದೆ. ಮತ್ತೆ ಹೋಗುತ್ತೇನೆಂದು ಅವಳೇ ಹಟ ಹಿಡಿದಿದ್ದಾಳೆ. 400 ಮೀಟರ್ ಈಜುವಷ್ಟು ದಮ್ಮು ಬೆಳೆಸಿದರೆ ಭಯ ತಾನಾಗಿಯೇ ಹೋಗುತ್ತದೆ ಎಂದು ಪರಿಚಯದವರು ಹೇಳುತ್ತಾರೆ. ನನಗೇಕೋ ಆ ಮಾತು ಮನಸ್ಸಿಗೆ ಹತ್ತುತ್ತಿಲ್ಲ. ಮಕ್ಕಳನ್ನು ಇಂತಹ ಸ್ಪರ್ಧೆಗೆ ಅಣಿಗೊಳಿಸಿದವರು ದಯವಿಟ್ಟು ದಾರಿ ತೋರಿಸಬೇಕು.

ಮೈಸೂರಿನ ಒಬ್ಬ ಈಜು ತರಬೇತುದಾರ

ನಿಮ್ಮ ಮಗಳು ಸಮಸ್ಯೆಯನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಹೇಳಿದ್ದಾಳೆ. 25 ಮೀಟರ್ ಕೊಳದಲ್ಲಿ 200 ಮೀಟರ್ ಎಂದರೆ ಎಂಟು ಲ್ಯಾಪ್, ಏಳು ತಿರುವು. ಪ್ರತಿ ತಿರುವಿನಲ್ಲೂ ಮಗು ಗೋಡೆ ಮುಟ್ಟುತ್ತದೆ, ಒಂದು ತುಂಬು ಉಸಿರು ತೆಗೆದುಕೊಳ್ಳುತ್ತದೆ, ಕಾಲಿನಿಂದ ಒದ್ದು ಮೂರು ನಾಲ್ಕು ಮೀಟರ್ ಕೈಯಾಡಿಸದೆ ಜಾರಿಕೊಂಡು ಹೋಗುತ್ತದೆ. ಲೆಕ್ಕ ಹಾಕಿದರೆ ಇಪ್ಪತ್ತಕ್ಕೂ ಹೆಚ್ಚು ಮೀಟರನ್ನು ಅದು ಈಜಿಯೇ ಇರುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಇನ್ನು ಹತ್ತು ಕೈ ಬೀಸಿದರೆ ಗೋಡೆ ಸಿಗುತ್ತದೆ ಎಂಬ ಭರವಸೆ ಮನಸ್ಸಿನೊಳಗೆ ಸದಾ ಇರುತ್ತದೆ. ಅದೇ ಕೊಳದಲ್ಲಿ 400 ಮೀಟರ್ ಮಾಡಿಸಿದರೆ ತಿರುವುಗಳು ಹದಿನೈದಾಗುತ್ತವೆ, ಅಷ್ಟೇ. ಗೋಡೆಯಿಲ್ಲದ ನೀರಿನಲ್ಲಿ ಏನು ಮಾಡಬೇಕೆಂಬುದನ್ನು ಆ ದೂರ ಕಲಿಸುವುದಿಲ್ಲ. ಆದ್ದರಿಂದ ನಿಮ್ಮ ಅನುಮಾನ ಸರಿಯಾಗಿದೆ.

ನೀವು ದಡದಿಂದ ನೋಡಿದ ದೃಶ್ಯವನ್ನು ಪ್ರತಿಯೊಬ್ಬ ತಂದೆ ತಾಯಿಯೂ ಓದಬೇಕು. ಮುಳುಗುತ್ತಿರುವ ಮಗು ಕೂಗುವುದಿಲ್ಲ, ಕೈ ಬೀಸಿ ಕರೆಯುವುದಿಲ್ಲ. ಉಸಿರಿಗೇ ತಡಕಾಡುವ ಬಾಯಿಗೆ ಕೂಗಲು ಬಿಡುವಿರುವುದಿಲ್ಲ. ಆ ಯುವಕ ಸಮಯಕ್ಕೆ ಸರಿಯಾಗಿ ಗುರುತಿಸಿದ್ದು ದೊಡ್ಡದು.

ಈಗ ಮೂರು ತಿಂಗಳಲ್ಲಿ ಮೊದಲ ಎರಡು ವಾರ ಲ್ಯಾಪ್ ಎಣಿಸುವುದನ್ನೇ ಬಿಟ್ಟುಬಿಡಿ. ಮೊದಲು ಉಸಿರು. ಅನೇಕ ಮಕ್ಕಳು ಮುಖ ನೀರಿನಲ್ಲಿದ್ದಾಗ ಉಸಿರು ಕಟ್ಟಿಕೊಂಡಿರುತ್ತಾರೆ. ತಲೆ ಹೊರಳಿಸಿದ ಆ ಅರೆಗಳಿಗೆಯಲ್ಲಿ ಹಳೆಯ ಉಸಿರನ್ನು ಬಿಟ್ಟು ಹೊಸದನ್ನೂ ಎಳೆದುಕೊಳ್ಳಲು ಹೆಣಗುತ್ತಾರೆ. ಉಸಿರುಗಟ್ಟಿದ ಅನುಭವ ಹುಟ್ಟುವುದು ಆಮ್ಲಜನಕ ಕಡಿಮೆಯಾಗಿದ್ದಕ್ಕಿಂತ ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದರಿಂದ. ಉಸಿರು ಪೂರ್ತಿ ಹೊರಗೆ ಹೋಗದಿದ್ದರೆ ಎಷ್ಟು ಎಳೆದುಕೊಂಡರೂ ಸಾಲದು ಎನಿಸುತ್ತದೆ, ಎದೆ ಬಿಗಿಯುತ್ತದೆ, ದಿಗಿಲು ಶುರುವಾಗುತ್ತದೆ. ನನ್ನ ಬಳಿ ಬರುವ ಮಕ್ಕಳಿಗೆ ನೀರಿನೊಳಗೆ ಮುಖವಿಟ್ಟು 'ಮ್' ಎಂದು ಗುನುಗಲು ಹೇಳುತ್ತೇನೆ. ಗುನುಗುವಾಗ ಮೂಗಿನಿಂದ ಗುಳ್ಳೆಗಳು ಸಣ್ಣಗೆ, ಒಂದೇ ಸಮನೆ ಏಳುತ್ತವೆ. ಗುನುಗುತ್ತಾ ಉಸಿರು ಕಟ್ಟಿಕೊಳ್ಳಲು ಯಾರಿಗೂ ಆಗುವುದಿಲ್ಲ. ಎರಡು ವಾರ ಕಳೆಯುವ ಹೊತ್ತಿಗೆ ಗುನುಗು ನಿಂತು ಗುಳ್ಳೆ ಮಾತ್ರ ಉಳಿಯುತ್ತದೆ.

ಎರಡನೆಯದು ಅಂಗಾತ ತೇಲುವುದು. ಆಳದ ಭಾಗದಲ್ಲಿ, ಪಕ್ಕದಲ್ಲೇ ತರಬೇತುದಾರರಿರುವಾಗ, ಮಗು ಎರಡು ನಿಮಿಷ ಅಂಗಾತ ತೇಲಬೇಕು. ಆಮೇಲೆ ಹತ್ತು ಕೈ ಫ್ರೀಸ್ಟೈಲ್, ಹೊರಳಿ ಅಂಗಾತ, ಮೂರು ನೆಮ್ಮದಿಯ ಉಸಿರು, ಮತ್ತೆ ಬೋರಲು ಹೊರಳಿ ಹತ್ತು ಕೈ. ಗೋಡೆ ಮುಟ್ಟುವಂತಿಲ್ಲ, ಲೇನಿನ ಹಗ್ಗ ಹಿಡಿಯುವಂತಿಲ್ಲ. ಹೀಗೆ ಕೊಳದ ನಡುವೆಯೇ ನಿಂತು ಸುಧಾರಿಸಿಕೊಳ್ಳಲು ಬಂದ ದಿನ, ಗೋಡೆ ಎಲ್ಲಿದೆ ಎಂಬ ಪ್ರಶ್ನೆ ಅವಳಿಗೆ ಏಳುವುದೇ ಇಲ್ಲ. ನಿಮ್ಮ ಮಗಳಿಗೆ ಕಲಿಸದೆ ಬಿಟ್ಟುಹೋಗಿರುವುದು ಇದೊಂದೇ ಎಂದು ನನಗೆ ತೋರುತ್ತದೆ. ಸಾಮಾನ್ಯವಾಗಿ ಬೇಸಿಗೆ ಶಿಬಿರಗಳಲ್ಲಿ ಇದನ್ನು ಕಲಿಸಲು ಪುರುಸೊತ್ತಿರುವುದಿಲ್ಲ. ಏಪ್ರಿಲ್ ಮೇ ತಿಂಗಳ ನೂಕುನುಗ್ಗಲಿನಲ್ಲಿ ಮಗು 25 ಮೀಟರ್ ದಾಟಿತೆಂದರೆ ಈಜು ಬಂತು ಎಂದೇ ಲೆಕ್ಕ.

ಶ್ರೀರಂಗಪಟ್ಟಣದ ಒಬ್ಬ ಹಿರಿಯರು

ನನಗೆ 68 ವರ್ಷ. ನಮ್ಮ ಕಾಲದಲ್ಲಿ ಕೊಳವೂ ಇರಲಿಲ್ಲ, ಕೋಚೂ ಇರಲಿಲ್ಲ. ಒಣಗಿದ ಸೋರೆಬುರುಡೆಯನ್ನೋ ಕತ್ತಾಳೆಯ ಬೆಂಡನ್ನೋ ಬೆನ್ನಿಗೆ ಕಟ್ಟಿ ಕಾವೇರಿಗೆ ಇಳಿಸುತ್ತಿದ್ದರು. ತಿಂಗಳು ಕಳೆದ ಮೇಲೆ ಒಂದು ದಿನ ಹೇಳದೆ ಕೇಳದೆ ಬೆಂಡು ಬಿಚ್ಚಿ ಬಿಡುತ್ತಿದ್ದರು. ಕೈಕಾಲು ಬಡಿದು, ನಾಲ್ಕು ಗುಟುಕು ನೀರು ಕುಡಿದು ಈಜು ಬರುತ್ತಿತ್ತು. ಗೋಡೆಯ ಭಯ ನಮಗೆ ಗೊತ್ತೇ ಇರಲಿಲ್ಲ. ಮಂಡ್ಯದವರಿಗೆ ಮನೆಬಾಗಿಲಲ್ಲೇ ನಾಲೆಯಿದೆ. ಕಟ್ಟು ನೀರು (ಸರದಿಯಂತೆ ಬಿಡುವ ನೀರು) ಬಿಟ್ಟ ದಿನಗಳಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿ, ದಡದಲ್ಲಿ ಇಬ್ಬರು ದೊಡ್ಡವರು ನಿಂತು ಅಭ್ಯಾಸ ಮಾಡಿಸಿದರೆ ತೆರೆದ ನೀರಿನ ಭಯ ಒಂದೇ ವಾರದಲ್ಲಿ ಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಪಾಂಡವಪುರ ತಾಲ್ಲೂಕಿನ ಒಬ್ಬ ಶಾಲಾ ಶಿಕ್ಷಕಿ

ಹಿರಿಯರ ಮಾತಿಗೆ ಗೌರವವಿದೆ. ಆದರೆ ನಾಲೆಯ ವಿಷಯದಲ್ಲಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಜನ ಸತ್ತರು; ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಅದು ಬಸ್ಸಿನ ಅಪಘಾತ, ಈಜಿನದ್ದಲ್ಲ ಎಂಬುದು ನನಗೂ ಗೊತ್ತು. ಆದರೆ ಆ ದಿನದಿಂದ ನಮ್ಮ ಕಡೆಯ ಮನೆಗಳಲ್ಲಿ ನಾಲೆಯನ್ನು ಯಾರೂ ಆಟದ ಜಾಗವೆಂದು ಮಾತನಾಡುವುದಿಲ್ಲ.

ಭಾವನೆಯನ್ನು ಪಕ್ಕಕ್ಕಿಟ್ಟು ಲೆಕ್ಕವನ್ನೇ ನೋಡೋಣ. 11 ವರ್ಷದ ಮಗು 200 ಮೀಟರನ್ನು ನಾಲ್ಕು ಅಥವಾ ಐದು ನಿಮಿಷದಲ್ಲಿ ಈಜುತ್ತದೆ ಎಂದುಕೊಂಡರೆ ಅದರ ವೇಗ ಸೆಕೆಂಡಿಗೆ ಮುಕ್ಕಾಲು ಮೀಟರಿನ ಆಸುಪಾಸು. ನಾಲೆಯ ನೀರು ಸೆಕೆಂಡಿಗೆ ಒಂದು ಮೀಟರ್ ಹರಿಯುತ್ತಿದ್ದರೆ, ಮಗು ಶಕ್ತಿಮೀರಿ ಎದುರು ಈಜಿದರೂ ಹಿಂದಕ್ಕೇ ಹೋಗುತ್ತದೆ. ಇಕ್ಕೆಲದ ಓರೆ ಗೋಡೆಗೆ ಕಾಂಕ್ರೀಟ್ ಹಾಕಿರುವ ಕಡೆ ಪಾಚಿ ಕಟ್ಟಿರುತ್ತದೆ. ಈಜು ಬಲ್ಲ ಗಂಡಸರೂ ಅಲ್ಲಿ ಕೈಗೆ ಹಿಡಿತ ಸಿಗದೆ ಜಾರುತ್ತಾರೆ. ಸೊಂಟದ ಹಗ್ಗ ಇನ್ನೂ ಅಪಾಯ: ಹರಿಯುವ ನೀರಿನಲ್ಲಿ ಹಗ್ಗ ಬಿಗಿದು ನಿಂತರೆ ನೀರಿನ ರಭಸ ಮಗುವನ್ನು ಮೇಲೆತ್ತುವುದಿಲ್ಲ, ಒಳಕ್ಕೆ ಅದುಮುತ್ತದೆ. ಕಾವೇರಿ ದಡದ ಬಲಮುರಿ, ಸಂಗಮ, ಮುತ್ತತ್ತಿಗಳ ಮಾತೂ ಅಷ್ಟೇ. ಮೇಲ್ನೋಟಕ್ಕೆ ಮೊಣಕಾಲುದ್ದ ಹರಿಯುವ ನೀರು ಬಂಡೆಯ ಮಗ್ಗುಲಲ್ಲಿ ಆಳುದ್ದದ ಮಡುವಾಗಿರುತ್ತದೆ, ಮಡುವಿನೊಳಗೆ ಸುಳಿ ಇರುತ್ತದೆ, ಮೇಲೆ ಅಣೆಕಟ್ಟೆಯಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ.

ಅಂದು ಬೆಂಡು ಬಿಚ್ಚಿದ ಮಕ್ಕಳಲ್ಲಿ ಈಜು ಬಂದವರು ಮಾತ್ರ ಇಂದು ಕಥೆ ಹೇಳಲು ಉಳಿದಿದ್ದಾರೆ. ಇದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ, ಹಿರಿಯರು ತಪ್ಪು ತಿಳಿಯಬಾರದು.

ಸರಸ್ವತಿಪುರಂನ ಒಬ್ಬ ತಾಯಿ

ನನ್ನ ಇಬ್ಬರು ಮಕ್ಕಳೂ ಇಂತಹ ಸ್ಪರ್ಧೆಗಳಲ್ಲಿ ಭಾಗವಹಿಸಿದ್ದಾರೆ. ದೊಡ್ಡವನು ನೀರು ಕಂಡರೆ ಹಾರುವವನು, ಚಿಕ್ಕವಳು ಕೊಳದ ಮೆಟ್ಟಿಲಿನ ಮೇಲೆ ಕುಳಿತೇ ಎರಡು ತಿಂಗಳು ಕಳೆದವಳು. ಆದ್ದರಿಂದ ಎರಡೂ ಬಗೆಯ ಮಕ್ಕಳ ಬಗ್ಗೆ ಸ್ವಲ್ಪ ಹೇಳಬಲ್ಲೆ.

ತರಬೇತುದಾರರು ಹೇಳಿದ ತೇಲುವ ಅಭ್ಯಾಸ ಬಂದ ಮೇಲೆ ನಾವು ಮಾಡಿದ್ದು ಗುಂಪಿನ ಅಭ್ಯಾಸ. ಕೊಳದಲ್ಲಿ ಮಗು ಯಾವಾಗಲೂ ತನ್ನ ಲೇನಿನಲ್ಲಿ ಒಂಟಿಯಾಗಿ ಈಜಿರುತ್ತದೆ. ಸ್ಪರ್ಧೆಯಲ್ಲಿ ಪಕ್ಕದವರ ಮೊಣಕೈ ಭುಜಕ್ಕೆ ತಗುಲುತ್ತದೆ, ಮುಂದಿನವರ ಕಾಲಿನ ನೊರೆ ನೇರವಾಗಿ ಮುಖಕ್ಕೆ ಬರುತ್ತದೆ, ಉಸಿರಿಗೆಂದು ಬಾಯಿ ತೆರೆದರೆ ನೀರೇ ಒಳಗೆ ಹೋಗುತ್ತದೆ. ಇದನ್ನು ಮೊದಲ ಸಲ ಸ್ಪರ್ಧೆಯ ದಿನವೇ ಅನುಭವಿಸಿದರೆ ಎಂತಹ ಮಗುವೂ ಕಂಗಾಲಾಗುತ್ತದೆ. ಕೊಳ ಖಾಲಿಯಿದ್ದ ಒಂದು ಹೊತ್ತಿನಲ್ಲಿ, ತರಬೇತುದಾರರ ಒಪ್ಪಿಗೆ ಪಡೆದು, ಐದು ಮಕ್ಕಳನ್ನು ಒಂದೇ ಲೇನಿನಲ್ಲಿ ಬಿಟ್ಟೆವು. ಮೊದಲು ನಿಧಾನವಾಗಿ, ಒಬ್ಬರಿಗೊಬ್ಬರು ತಗುಲಿಕೊಂಡೇ ಈಜಬೇಕು. ಆಮೇಲೆ ಹದಿನೈದು ಮೀಟರ್ ದೂರದಲ್ಲಿ ದೊಡ್ಡವರೊಬ್ಬರು ನೀರಿನಲ್ಲಿ ನಿಂತು ಕ್ಯಾನ್ ಹಿಡಿದುಕೊಂಡರು. ಐವರೂ ಅದನ್ನು ಸುತ್ತಿ ಬರಬೇಕು. ತಿರುವಿನಲ್ಲಿ ಎಲ್ಲರೂ ಒಂದೇ ಜಾಗಕ್ಕೆ ಒತ್ತರಿಸುತ್ತಾರೆ, ಅಲ್ಲಿಯೇ ಹೆಚ್ಚು ಗದ್ದಲ. ನನ್ನ ಮಗಳು ಮೊದಲ ದಿನ ಅತ್ತಳು. ಎರಡನೆಯ ದಿನ, ಸ್ವಲ್ಪ ಹೊರಗಿನಿಂದ ಸುತ್ತಿದರೆ ಎರಡು ಮೀಟರ್ ಹೆಚ್ಚಾದರೂ ಯಾರೂ ಒದೆಯುವುದಿಲ್ಲ ಎಂಬುದನ್ನು ತಾನೇ ಕಂಡುಕೊಂಡಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಗಾಗಲ್ಸ್ ಬಗ್ಗೆ: ವಾರಕ್ಕೊಮ್ಮೆ ಬೇಕೆಂದೇ ಅದಿಲ್ಲದೆ ಐವತ್ತು ಮೀಟರ್ ಈಜಿಸಿ. ಅಂಗಾತ ತೇಲುತ್ತಾ ಅದನ್ನು ತೆಗೆದು, ನೀರು ಚೆಲ್ಲಿ, ಮತ್ತೆ ಹಾಕಿಕೊಳ್ಳುವುದನ್ನು ಕಲಿಸಿ. ಪಟ್ಟಿಯನ್ನು ಟೋಪಿಯ ಒಳಗೆ ಬರುವಂತೆ ಹಾಕಿದರೆ ಒದೆ ಬಿದ್ದರೂ ಕಳಚಿ ಹೋಗುವುದಿಲ್ಲ. ಒಂದು ತೆಳು ಟೋಪಿ ಹಾಕಿ, ಅದರ ಮೇಲೆ ಗಾಗಲ್ಸ್ ಹಾಕಿ, ಅದರ ಮೇಲೆ ಆಯೋಜಕರು ಕೊಟ್ಟ ಬಣ್ಣದ ಟೋಪಿ ಹಾಕುವುದು ನಮ್ಮ ರೂಢಿ. ಉದ್ದ ಕೂದಲಿನ ಹೆಣ್ಣುಮಕ್ಕಳಿಗೆ ನೆತ್ತಿಯ ಮೇಲೆ ತುರುಬು ಕಟ್ಟಿದರೆ ಟೋಪಿ ಮೇಲಕ್ಕೆ ಜಾರುತ್ತದೆ. ಕತ್ತಿನ ಬುಡದಲ್ಲಿ ಎರಡು ಬಿಗಿಯಾದ ಜಡೆ ಹೆಣೆದು ಸುತ್ತಿಟ್ಟರೆ ಅಲುಗಾಡುವುದಿಲ್ಲ. ನಮ್ಮ ಮನೆಯಲ್ಲಿ ಇದು ಗೊತ್ತಾಗುವಷ್ಟರಲ್ಲಿ ಎರಡು ಟೋಪಿ ಹರಿದಿದ್ದವು.

ಇನ್ನೊಂದು ವಿಷಯವನ್ನು ಯಾರೂ ಎತ್ತಲಿಲ್ಲ, ಹೆಣ್ಣುಮಗಳ ತಂದೆ ಕೇಳಿರುವುದರಿಂದ ನಾನೇ ಬರೆಯುತ್ತೇನೆ. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ನಮ್ಮ ಕಡೆಯ ಅನೇಕ ಹುಡುಗಿಯರು ಈಜು ಬಿಡುವುದು ನೀರಿನ ಭಯದಿಂದಲ್ಲ, ಈಜುಡುಗೆಯ ಸಂಕೋಚದಿಂದ ಮತ್ತು ಮುಟ್ಟಿನ ದಿನಗಳ ಬಗ್ಗೆ ಮನೆಯಲ್ಲಿ ಯಾರೂ ಮಾತನಾಡದಿರುವುದರಿಂದ. ಮೊಣಕಾಲು, ಮೊಣಕೈಗಳವರೆಗೆ ಮುಚ್ಚುವ ಲೈಕ್ರಾ ಉಡುಗೆಗಳು ಸಿಗುತ್ತವೆ, ವೇಗಕ್ಕೆ ಅವು ಹೇಳಿಕೊಳ್ಳುವಂತಹ ಅಡ್ಡಿಯಲ್ಲ. ಸಡಿಲವಾದ ಹತ್ತಿಯ ಬಟ್ಟೆ ಮಾತ್ರ ಬೇಡ. ನೀರು ಕುಡಿದು ಭಾರವಾಗಿ ಮಗುವನ್ನು ಹಿಂದಕ್ಕೆ ಎಳೆಯುತ್ತದೆ. ಅವಳ ಅಮ್ಮನೋ ಅತ್ತೆಯೋ ಕುಳಿತು ಮಾತನಾಡಲಿ, ಅಭ್ಯಾಸಕ್ಕಿಂತ ಅದು ಮೊದಲು ಆಗಲಿ.

ಮೈಸೂರಿನ ಒಬ್ಬ ಮಕ್ಕಳ ವೈದ್ಯೆ

ವೈದ್ಯಕೀಯ ದೃಷ್ಟಿಯಿಂದ ಕೆಲವು ಮಾತುಗಳು. ಅಮೆರಿಕದಲ್ಲಿ 2006ರಿಂದ 2008ರವರೆಗಿನ ಟ್ರಯಥ್ಲಾನ್‌ಗಳಲ್ಲಿ ಸಂಭವಿಸಿದ 14 ಸಾವುಗಳನ್ನು ಪರಿಶೀಲಿಸಿದಾಗ 13 ಈಜಿನ ಭಾಗದಲ್ಲೇ ಆಗಿದ್ದವು. ಅವು ದೊಡ್ಡವರ ಸ್ಪರ್ಧೆಗಳ ಲೆಕ್ಕ. ಭಾಗವಹಿಸಿದವರ ಸಂಖ್ಯೆ ಒಂಬತ್ತು ಲಕ್ಷಕ್ಕೂ ಮಿಕ್ಕಿತ್ತು, ಆದ್ದರಿಂದ ಗಾಬರಿಪಡುವ ಅಗತ್ಯವಿಲ್ಲ. ಆದರೆ ಮೂರು ಭಾಗಗಳಲ್ಲಿ ಎಲ್ಲಿ ಎಚ್ಚರ ಹೆಚ್ಚಿರಬೇಕೆಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ. ಸೈಕಲ್ಲಿನ ಮೇಲೆ ತಲೆಸುತ್ತು ಬಂದರೆ ಇಳಿಯಬಹುದು, ನೀರಿನಲ್ಲಿ ಇಳಿಯಲು ಜಾಗವಿಲ್ಲ.

ಮಗು ಎಂದಾದರೂ ಓಡುವಾಗ ಅಥವಾ ಈಜುವಾಗ ಪ್ರಜ್ಞೆ ತಪ್ಪಿದ್ದರೆ, ಕುಟುಂಬದಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಕಾರಣ ತಿಳಿಯದೆ ಹಠಾತ್ತನೆ ತೀರಿಕೊಂಡಿದ್ದರೆ, ಸ್ಪರ್ಧೆಗೆ ಮುನ್ನ ಇಸಿಜಿ ಮಾಡಿಸಲೇಬೇಕು. ಹೃದಯದ ವಿದ್ಯುತ್ ಲಯದ ಕೆಲವು ಹುಟ್ಟುದೋಷಗಳು, ಮುಖ್ಯವಾಗಿ ಲಾಂಗ್ ಕ್ಯುಟಿ ಎಂಬುದರ ಒಂದು ಬಗೆ, ಈಜುವಾಗಲೇ ಮೊದಲ ಬಾರಿಗೆ ತಲೆದೋರುವುದುಂಟು. ಫಿಟ್ಸ್ ಇರುವ ಮಕ್ಕಳ ವಿಷಯದಲ್ಲಿ ವೈದ್ಯರ ಮಾತೇ ಕೊನೆಯದಾಗಬೇಕು. ಅಸ್ತಮಾ ಇರುವವರು ಈಜಬಹುದು, ಇನ್‌ಹೇಲರ್ ದಡದಲ್ಲಿರುವವರ ಕೈಯಲ್ಲಿರಬೇಕು.

ದಮ್ಮು ಬೆಳೆಸುವ ಹೆಸರಿನಲ್ಲಿ ನೀರಿನೊಳಗೆ ಉಸಿರು ಹಿಡಿಯುವ ಪಂದ್ಯಗಳನ್ನು ಆಡಿಸುವುದು ನಮ್ಮಲ್ಲಿದೆ. ದಯವಿಟ್ಟು ನಿಲ್ಲಿಸಿ. ಮುಳುಗುವ ಮುನ್ನ ಮಗು ಬೇಗ ಬೇಗ ಹತ್ತಿಪ್ಪತ್ತು ಸಲ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಉಸಿರು ಬೇಕೆಂದು ದೇಹ ಕೊಡುವ ಎಚ್ಚರಿಕೆಯೇ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಕುಸಿದು ಮಗು ಯಾವ ಸೂಚನೆಯನ್ನೂ ಕೊಡದೆ ನೀರಿನೊಳಗೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜಬಲ್ಲ ಮಕ್ಕಳೇ ಇದಕ್ಕೆ ಹೆಚ್ಚು ಬಲಿಯಾಗುವವರು, ಏಕೆಂದರೆ ಅವರಿಗೆ ಹೆದರಿಕೆ ಇರುವುದಿಲ್ಲ.

ಮುಳುಗಿದ ಮಗುವನ್ನು ಮೇಲೆತ್ತಿದ ಮೇಲೆ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಎರಡೂ ತಪ್ಪು. ಅಮೂಲ್ಯವಾದ ನಿಮಿಷಗಳು ಹಾಳಾಗುತ್ತವೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗುತ್ತದೆ. ಉಸಿರಾಟ ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದರಿಂದಲೇ ಆರಂಭಿಸಿ ಎದೆ ಒತ್ತುವುದನ್ನೂ ಮಾಡಬೇಕು. ಇಲ್ಲಿ ಎದೆ ಒತ್ತುವುದಷ್ಟೇ ಸಾಲದು, ಏಕೆಂದರೆ ಮೊದಲು ನಿಂತಿರುವುದು ಉಸಿರು. ಜೊತೆಯಲ್ಲಿದ್ದವರು 108 ಅಥವಾ 112ಕ್ಕೆ ಕರೆ ಮಾಡಬೇಕು. ಮಗುವನ್ನು ಕೊಳಕ್ಕೆ ಕಳುಹಿಸುವ ಪ್ರತಿ ಮನೆಯಲ್ಲೂ ಒಬ್ಬರಾದರೂ ಇದನ್ನು ಕೈಯಾರೆ ಅಭ್ಯಾಸ ಮಾಡಿ ಕಲಿತಿರಬೇಕು.

ಆಹಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಗಂಟೆ ಮುಂಚೆ ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು. ಆ ದಿನ ಹೊಸದೇನನ್ನೂ ತಿನ್ನಿಸಬೇಡಿ.

ಮಂಡ್ಯದ ಒಬ್ಬ ತಂದೆ

ನಿಮ್ಮೆಲ್ಲರ ಉತ್ತರಗಳನ್ನು ಪ್ರಿಂಟ್ ತೆಗೆಸಿ ಮನೆಯಲ್ಲಿ ಇಟ್ಟಿದ್ದೇನೆ. ನಾಲೆಯ ವಿಚಾರ ನನ್ನ ಮನಸ್ಸಿನಲ್ಲೂ ಒಮ್ಮೆ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಇನ್ನು ಆ ಯೋಚನೆಯಿಲ್ಲ. ಒಂದು ಪ್ರಶ್ನೆ ಉಳಿದಿದೆ. ಕೆರೆಯ ನೀರಿನಲ್ಲಿ ತಳ ಕಾಣುವುದಿಲ್ಲ, ಕೊಳದಂತೆ ಕೆಳಗೆ ಕಪ್ಪು ಗೆರೆಯಿರುವುದಿಲ್ಲ. ನೇರವಾಗಿ ಹೋಗುವುದನ್ನು ಕೆರೆಗೆ ಇಳಿಯದೆ ಕಲಿಸುವುದು ಹೇಗೆ?

ಮೈಸೂರಿನ ಒಬ್ಬ ಈಜು ತರಬೇತುದಾರ

ಕೊಳದಲ್ಲೇ ಕಲಿಸಬಹುದು. ಪಕ್ಕದಲ್ಲಿ ಯಾರೂ ಇಲ್ಲದಾಗ ಕಣ್ಣು ಮುಚ್ಚಿ ಎಂಟು ಕೈ ಈಜಲು ಹೇಳಿ, ಆಮೇಲೆ ಕಣ್ಣು ತೆರೆಯಲಿ. ಬಹುಪಾಲು ಮಕ್ಕಳು ಒಂದೇ ಕಡೆಗೆ ವಾಲಿರುತ್ತಾರೆ, ಸಾಮಾನ್ಯವಾಗಿ ಉಸಿರಿಗೆ ತಲೆ ಹೊರಳಿಸುವ ಬದಿಯ ಲೆಕ್ಕದಲ್ಲಿ. ಯಾವ ಕಡೆ ವಾಲುತ್ತೇನೆ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಎರಡೂ ಬದಿಯಲ್ಲಿ ಉಸಿರಾಡಲು ಬಂದರೆ ವಾಲುವುದೂ ತಗ್ಗುತ್ತದೆ, ಅಲೆಯೋ ಬಿಸಿಲೋ ಒಂದು ಕಡೆಯಿಂದ ಮುಖಕ್ಕೆ ಹೊಡೆದರೆ ಇನ್ನೊಂದು ಕಡೆಗೆ ಹೊರಳಬಹುದು. ಆಮೇಲೆ ಮೊಸಳೆ ನೋಟ: ಆರೋ ಎಂಟೋ ಕೈಗೊಮ್ಮೆ ಕಣ್ಣಷ್ಟೇ ನೀರಿನಿಂದ ಮೇಲೆ ಬರುವಂತೆ ತಲೆಯೆತ್ತಿ ಮುಂದೆ ನೋಡುವುದು, ಕೂಡಲೇ ಬದಿಗೆ ಹೊರಳಿ ಉಸಿರು ತೆಗೆದುಕೊಳ್ಳುವುದು. ಬಾಯಿಯೂ ಮೇಲೆ ಬರುವಷ್ಟು ತಲೆ ಎತ್ತಿದರೆ ಸೊಂಟ ಕೆಳಗಿಳಿದು ದೇಹ ನಿಂತುಬಿಡುತ್ತದೆ.

ನಾನು ಮಕ್ಕಳನ್ನು ಒಂದು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಗೆ ಕರೆದುಕೊಂಡು ಹೋಗುತ್ತೇನೆ. ನೀರಿಗಿಳಿಯಲು ಅಲ್ಲ; ಅಲ್ಲಿ ಈಜುವಂತಿಲ್ಲ. ಏರಿಯ ಮೇಲೆ ನಿಂತು ಆಚೆ ದಡದ ಒಂದು ಸಣ್ಣ ಗುರುತನ್ನು ತೋರಿಸುತ್ತೇನೆ, ಎಲ್ಲರಿಗೂ ಕಾಣುತ್ತದೆ. ಆಮೇಲೆ ಕುಕ್ಕರುಗಾಲಿನಲ್ಲಿ ಕೂರಿಸಿ ಕಣ್ಣನ್ನು ನೆಲದ ಮಟ್ಟಕ್ಕೆ ತರಿಸುತ್ತೇನೆ. ಹುಲ್ಲಿನ ಗರಿಕೆಯೇ ಅಡ್ಡ ಬಂದು ಆ ಗುರುತು ಮಾಯವಾಗುತ್ತದೆ. ಅದರ ಹಿಂದಿನ ಎತ್ತರದ ಮರ, ಇನ್ನೊಂದು ದಿಕ್ಕಿಗೆ ತಿರುಗಿದರೆ ಚಾಮುಂಡಿ ಬೆಟ್ಟ, ಅವು ಮಾತ್ರ ಉಳಿಯುತ್ತವೆ. ನೀರಿನಲ್ಲಿ ಅವರ ಕಣ್ಣು ಇರುವುದು ಆ ಮಟ್ಟದಲ್ಲಿಯೇ. ಸ್ಪರ್ಧೆಯ ದಿನ ನೀರಿಗಿಳಿಯುವ ಮುನ್ನ ತೇಲುವ ಗುರುತಿನ ಹಿಂದೆ ಏನು ಎತ್ತರವಾಗಿದೆ ಎಂದು ನೋಡಿಟ್ಟುಕೊಳ್ಳಬೇಕು ಎಂಬುದನ್ನು ಇಷ್ಟಾದ ಮೇಲೆ ಯಾವ ಮಗುವೂ ಮರೆಯುವುದಿಲ್ಲ.

ಸ್ಪರ್ಧೆಗಳಲ್ಲಿ ಸ್ವಯಂಸೇವಕರಾಗಿರುವ ಒಬ್ಬರು

ಆಯೋಜಕರ ಕಡೆಯಲ್ಲಿ ನಿಂತು ನೋಡಿದ್ದನ್ನು ಬರೆಯುತ್ತೇನೆ. ಟ್ರಯಥ್ಲಾನ್‌ನ ನಿಯಮಗಳಲ್ಲಿ ಇಂತಹದೇ ಶೈಲಿಯಲ್ಲಿ ಈಜಬೇಕೆಂಬ ಕಟ್ಟುಪಾಡಿಲ್ಲ. ಫ್ರೀಸ್ಟೈಲ್ ಬಿಟ್ಟು ಬ್ರೆಸ್ಟ್ ಸ್ಟ್ರೋಕ್‌ಗೆ ಬರಬಹುದು, ಅಂಗಾತ ಈಜಬಹುದು, ನಿಂತಲ್ಲೇ ತೇಲಬಹುದು. ತೇಲುವ ಗುರುತನ್ನೋ ನಿಂತಿರುವ ದೋಣಿಯನ್ನೋ ಹಿಡಿದು ದಣಿವಾರಿಸಿಕೊಳ್ಳಬಹುದು. ಅದನ್ನು ಬಳಸಿ ಮುಂದಕ್ಕೆ ಸಾಗುವಂತಿಲ್ಲ, ಅಷ್ಟೇ. ಸಹಾಯ ಬೇಕಾದರೆ ಒಂದು ಕೈ ಮೇಲೆತ್ತಿ ಕೂಗಬೇಕು. ಇದನ್ನು ಎಷ್ಟೋ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ದೋಣಿ ಹಿಡಿದರೆ ಹೊರಹಾಕುತ್ತಾರೆ ಎಂದು ಹೆದರಿ, ಕೈಗೆಟುಕುವ ದೋಣಿಯನ್ನು ಬಿಟ್ಟು ಒದ್ದಾಡಿದ ಹುಡುಗನನ್ನು ನಾನೇ ಎಳೆದುಕೊಂಡಿದ್ದೇನೆ. ನಿಮ್ಮ ಮಗಳಿಗೆ ಇದನ್ನು ಇಂದೇ ಹೇಳಿ. ಆ ದಿನ ಅವಳಿಗೆ ಗೋಡೆ ಇರಲಿಲ್ಲ, ಆದರೆ ಕಯಾಕ್ ಇತ್ತು.

ಹೆಸರು ಕೊಡುವ ಮುನ್ನ ಆಯೋಜಕರನ್ನು ಕೇಳಬೇಕಾದ ಪ್ರಶ್ನೆಗಳಿವೆ. ಒಂದು ತಂಡದಲ್ಲಿ ಎಷ್ಟು ಮಕ್ಕಳನ್ನು ಬಿಡುತ್ತೀರಿ? ಜೀವರಕ್ಷಕರು ಎಷ್ಟು, ದೋಣಿಗಳು ಎಷ್ಟು? ನೀರಿಗಿಳಿದವರನ್ನೂ ಮೇಲೆ ಬಂದವರನ್ನೂ ಎಣಿಸುವವರು ಯಾರು? ಹಿಂದಿನ ದಿನವೋ ಅಂದು ಬೆಳಿಗ್ಗೆಯೋ ಮಕ್ಕಳು ಒಮ್ಮೆ ನೀರಿಗಿಳಿದು ನೋಡಲು ಅವಕಾಶವಿದೆಯೇ? ಆಂಬುಲೆನ್ಸ್ ನೀರಿನ ಬಳಿ ಇರುತ್ತದೆಯೋ, ಮುಕ್ತಾಯದ ಗೆರೆಯ ಬಳಿಯೋ? ಈ ಪ್ರಶ್ನೆಗಳಿಗೆ ಬೇಸರಪಡುವ ಆಯೋಜಕರ ಸ್ಪರ್ಧೆಗೆ ಮಗುವನ್ನು ಕಳುಹಿಸಬೇಡಿ. ಮೂವತ್ತು ಮಕ್ಕಳನ್ನು ಒಮ್ಮೆಲೇ ಬಿಟ್ಟದ್ದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಐದಾರು ಮಕ್ಕಳಂತೆ, ಅರ್ಧ ನಿಮಿಷ ಬಿಟ್ಟು ಬಿಟ್ಟು ಕಳುಹಿಸಬಹುದಿತ್ತು. ಈಜಿನ ಭಾಗವನ್ನು ಕೊಳದಲ್ಲೇ ನಡೆಸುವ ಮಕ್ಕಳ ಸ್ಪರ್ಧೆಗಳೂ ಇವೆ, ಎರಡನೆಯ ಪ್ರಯತ್ನಕ್ಕೆ ಅದೇ ಮೇಲು.

ಒಟ್ಟಿಗೆ ಬಿಡುವ ಪದ್ಧತಿಯೇ ಇದ್ದರೆ, ಅವಳು ಗುಂಪಿನ ಒಂದು ತುದಿಯಲ್ಲಿ, ಹಿಂದೆ ನಿಲ್ಲಲಿ. ಎಲ್ಲರೂ ಹೋದ ಮೇಲೆ ಹತ್ತು ಎಣಿಸಿ ಹೊರಡಲಿ. 200 ಮೀಟರಿನ ಈಜಿನಲ್ಲಿ ಕಳೆದುಕೊಂಡ ಹತ್ತು ಸೆಕೆಂಡನ್ನು ಕಬ್ಬಿನ ಗದ್ದೆಯ ರಸ್ತೆಯಲ್ಲಿ ಸೈಕಲ್ ತುಳಿದ ಹುಡುಗಿ ಮರಳಿ ಪಡೆಯುತ್ತಾಳೆ. ಕೊನೆಯ ಇಪ್ಪತ್ತು ಮೀಟರಿನಲ್ಲಿ ಕಾಲನ್ನು ಸ್ವಲ್ಪ ಜೋರಾಗಿ ಬಡಿಯಲಿ. ಕಾಲನ್ನು ಹಾಗೆ ಅಣಿಗೊಳಿಸದೆ, ಮಲಗಿದ್ದ ದೇಹ ಒಮ್ಮೆಲೇ ಎದ್ದು ಓಡಿದರೆ ತಲೆ ತಿರುಗುತ್ತದೆ.

ಶ್ರೀರಂಗಪಟ್ಟಣದ ಒಬ್ಬ ಹಿರಿಯರು

ಶಿಕ್ಷಕಿಯವರ ಮಾತನ್ನು ಎರಡು ದಿನ ಯೋಚಿಸಿದೆ. ನಮ್ಮ ಓರಗೆಯವನೊಬ್ಬ ಹತ್ತನೆಯ ವಯಸ್ಸಿನಲ್ಲಿ ಹೊಳೆಯ ಪಾಲಾಗಿದ್ದ. ಅದನ್ನು ನಾನು ಬರೆಯಲಿಲ್ಲ, ಬರೆಯಬೇಕಿತ್ತು. ನಾಲೆಯ ಸಲಹೆಯನ್ನು ಹಿಂತೆಗೆದುಕೊಂಡಿದ್ದೇನೆ.

ಒಂದನ್ನು ಮಾತ್ರ ನಮ್ಮ ಕಾಲದವರು ಸರಿಯಾಗಿ ಕಲಿಸಿದ್ದರು ಎಂದು ಹೇಳಬಲ್ಲೆ. ಅಂಗಾತ ತೇಲುವಾಗ ಕತ್ತು ಬಿಗಿಯಬಾರದು. ಕಿವಿ ಎರಡೂ ನೀರಿನೊಳಗೆ ಇರಬೇಕು, ಹೊಟ್ಟೆ ಮೇಲಕ್ಕೆ ಬರಬೇಕು. ಕಿವಿಗೆ ನೀರು ಹೋಗುತ್ತದೆಂದು ತಲೆ ಎತ್ತಿದ ಮಗುವಿನ ಕಾಲು ಕೆಳಗಿಳಿಯುತ್ತದೆ. "ಆಕಾಶದಲ್ಲಿ ಹದ್ದು ಹುಡುಕು" ಎಂದು ನಮ್ಮ ತಂದೆ ಹೇಳುತ್ತಿದ್ದರು. ಹದ್ದು ಹುಡುಕಲು ಹೋದರೆ ಗಲ್ಲ ತಾನಾಗಿ ಮೇಲೆ ಬರುತ್ತಿತ್ತು.

ಮಂಡ್ಯದ ಒಬ್ಬ ತಂದೆ

ಏಳು ವಾರ ಕಳೆದಿದೆ. ಮೊದಲ ವಾರ ಅವಳಿಗೆ ಬಹಳ ಬೇಸರವಾಗಿತ್ತು; ಉಳಿದ ಮಕ್ಕಳು ಲ್ಯಾಪ್ ಹೊಡೆಯುತ್ತಿರುವಾಗ ತಾನು ಮಾತ್ರ ಗುಳ್ಳೆ ಬಿಡುತ್ತಾ ಕೂರಬೇಕೆ ಎಂದಳು. ಅಂಗಾತ ತೇಲುವಾಗ ಹತ್ತು ಸೆಕೆಂಡಿಗೆ ಕಾಲು ಮುಳುಗುತ್ತಿತ್ತು. ಹದ್ದಿನ ಮಾತು ಹೇಳಿದ ದಿನ ನಲವತ್ತು ಸೆಕೆಂಡ್ ಆಯಿತು. ನಮ್ಮ ಕೊಳಕ್ಕೆ ಶೀಟಿನ ಮಾಡು ಇರುವುದರಿಂದ ಅವಳು ಹದ್ದಿನ ಬದಲು ಪಾರಿವಾಳ ಎಣಿಸುತ್ತಾಳೆ.

ಈ ಭಾನುವಾರ ತರಬೇತುದಾರರು, ಅವಳಿಗೆ ಮುಂಚಿತವಾಗಿ ತಿಳಿಸಿಯೇ, ಆಳದ ಭಾಗದ ನಡುವೆ ಅವಳ ಗಾಗಲ್ಸನ್ನು ಹಿಂದಿನಿಂದ ಎಳೆದರು. ಅವಳ ಕೈ ಒಮ್ಮೆ ತಡವರಿಸಿತು. ಆಮೇಲೆ ಹೊರಳಿದಳು, ಅಂಗಾತವಾದಳು, ಗಾಗಲ್ಸಿನ ನೀರು ಚೆಲ್ಲಿ ಹಾಕಿಕೊಂಡಳು, ತಲೆಯೆತ್ತಿ ನಾನು ನಿಂತಿದ್ದ ಮೂಲೆಯನ್ನು ಒಮ್ಮೆ ನೋಡಿ ಬೋರಲಾಗಿ ಹೊರಟಳು. ನಾನು ಎಣಿಸಿದೆ: 22 ಸೆಕೆಂಡ್.

ಕೊಳದಲ್ಲೇ ಈಜು ನಡೆಸುವ ಸ್ಪರ್ಧೆಯೊಂದಕ್ಕೆ ಹೆಸರು ಕೊಟ್ಟಿದ್ದೇವೆ. ಕೆರೆಯ ಸ್ಪರ್ಧೆಗೆ ಮುಂದಿನ ವರ್ಷ ಹೋಗೋಣ ಎಂದಾಗ ಒಪ್ಪಿದಳು. ಈಗ ಉಳಿದಿರುವುದು ಗುಂಪಿನ ಅಭ್ಯಾಸ, ಅದಕ್ಕೆ ನಮ್ಮಲ್ಲಿ ಮಕ್ಕಳು ಸಾಲುತ್ತಿಲ್ಲ. ಅವಳೂ ಸೇರಿ ಮೂವರೇ ಇದ್ದಾರೆ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆಯವರು ಯಾರಾದರೂ 9ರಿಂದ 13 ವರ್ಷದ, ಆಳದಲ್ಲಿ ಎರಡು ನಿಮಿಷ ತೇಲಬಲ್ಲ ಮಕ್ಕಳನ್ನು ಶನಿವಾರ ಬೆಳಿಗ್ಗೆ ಕರೆತರುವುದಾದರೆ ಇಲ್ಲಿ ತಿಳಿಸಿ. ಕೊಳದವರು ಒಂದು ಲೇನನ್ನು ಒಂದು ಗಂಟೆ ಬಿಟ್ಟುಕೊಡಲು ಒಪ್ಪಿದ್ದಾರೆ, ಜೀವರಕ್ಷಕರು ಇರುತ್ತಾರೆ. ಕ್ಯಾನ್ ಹಿಡಿದು ನೀರಿನಲ್ಲಿ ನಾನು ನಿಲ್ಲುತ್ತೇನೆ.